ಅಸ್ತರ

ಮೊದಲ ಒಂದು ಮಾತು: ಅಂಗಡಿಗೆ ಹೋಗಬ್ಯಾಡ.
ಹೋದರ ರೊಕ್ಕ ಹೋಗತೈತಿ, ಬುದ್ಧಿನೂ ಹೋಗತೈತಿ.
ಮನಿಯೊಳಗ ಏನೈತಿ ಹುಡುಕು:
ಟ್ರಂಕಿನ ತಳ, ದಿಂಬಿನ ಹೊಟ್ಟಿ,
ಬಾಗಲ ಹಿಂದ ಮೊಳಿಗೆ ಜೋತುಬಿದ್ದ ಚೀಲ.

ನನ್ನ ಚೀಲದಾಗ ಇದ್ದವು
ಗುಳೇದಗುಡ್ಡದ ಖಣದ ಕತ್ತರಿಚೂರು ಹನ್ನೊಂದು.
ಓಣಿ ಹೆಂಗಸರ ಕುಪ್ಪಸ ಹೊಲದು ಉಳದದ್ದು,
ಕದ್ದದ್ದಲ್ಲ ಮತ್ತ, ಕೇಳಿ ಇಟಗೊಂಡದ್ದು.
ಬಗಲಿನ ತುಂಡು ಪೋಸ್ಟ್ ಮಾಸ್ತರನ ಹೆಂಡತೀದು,
ತೋಳಿನ ಪಟ್ಟಿ ಬಂದವ್ವಕ್ಕಂದು.
ಒಂದರಾಗ ಸೂಜಿಮಲ್ಲಿಗಿ ಇಡಿಯಾಗಿ ಐತಿ,
ಒಂದರಾಗ ಆನಿ ಹೆಜ್ಜಿ ಅರ್ಧ.
ಉಳದರ್ಧ ಆನಿ
ಯಾರ ಮೈಮ್ಯಾಲ ಸಂತಿಗೆ ಹೊಂಟೈತೋ.

ಮಾಳಿಗಿ ಮ್ಯಾಲಿನ ಶಾಹೀನಗ ಕೂಸು ಹುಟ್ಟಿ ನಲವತ್ತು ದಿನ.
ಹಗಲೆಲ್ಲ ಬಿಸಲು ಹಂಚು ಕಾಸತೈತಿ,
ನಸುಕಿನಾಗ ಮಾತ್ರ ಘಟಪ್ರಭಾದ ಗಾಳಿ
ಕಿಟಕಿ ಸಂದ್ಯಾಗ ಬೆರಳು ತೂರಸತೈತಿ.
ಬೇವು ಹೂ ಬಿಡೋ ಈ ವಾರ
ಆ ಕಿವಿಗೆ ಒಂದು ಕುಂಚಿಗಿ ಬೇಕು.

ಅಳತಿಗೆ ಟೇಪು ಬ್ಯಾಡ.
ಅಂಗೈ ತಿಕ್ಕಿ ಬೆಚ್ಚಗ ಮಾಡಕೊಂಡು
ಕೂಸಿನ ನೆತ್ತಿ ಮ್ಯಾಲಿಡು.
ಒಂದು ಗೇಣು, ಗೇಣಿನ ಮ್ಯಾಲ ಎರಡು ಬೆರಳು.
ಆ ಎರಡು ಬೆರಳು ಬರೋ ವರ್ಷಕ್ಕ,
ಒಳಗ ಮಡಚಿ, ಬಿಚ್ಚಾಕ ಬರೋಹಂಗ ಹೊಲಿ.
ನಮ್ಮವ್ವ ಅಂತಿದ್ದಳು:
‘ಹರಿಯೂದಕ್ಕ ಗಟ್ಟಿ, ಬೆಳಿಯೂದಕ್ಕ ಸಡಲ.’
ಅರ್ಥ ಕೇಳಿದರ
ಸೂಜಿ ಪೋಣಿಸಂತ ಕೈಗೆ ಕೊಡತಿದ್ದಳು.

ಹನ್ನೊಂದೂ ಕೂಡಿದವು. ಜಗಳ ಇಲ್ಲದ ಕೂಡಿದವು.
ಆದರ ಖಣದ ಹಿಂಬದಿ ಒರಟು,
ಎಳೀ ತೊಗಲಿಗೆ ಚುಚ್ಚತೈತಿ.
ಅಸ್ತರ ಬೇಕು. ಮೆತ್ತಂದು, ನೂರು ಸಲ ಒಗದದ್ದು.

ಅಡಿವೆಪ್ಪನ ಅಂಗಿ.

ವರ್ಷಾ ಹೋಳಿಗೆ ಅಂತ ಒಂದು ಹರಕು ತಗದಿಡತೀನಿ,
ವರ್ಷಾ ಅಂವ ಹಲಗಿ ಸಪ್ಪಳ ಕಿವಿಗೆ ಬಿದ್ದಕೂಡ್ಲೆ
ಮೈಮ್ಯಾಲ ಇದ್ದದ್ದರಾಗ ಓಡತಾನ.
ಬಂಡಿ ಮ್ಯಾಲ ಬ್ಯಾರಲ್ಲು, ಬ್ಯಾರಲ್ಲಿನಾಗ ಬಾಗಲಕೋಟಿ.
ಮೂರನೇ ದಿನ ಮನಿಗೆ ಬಂದಾಗ
ಬಿಳೀ ಅಂಗಿ ತನ್ನ ಹೆಸರು ಮರತಿತ್ತು.
ಹೆಗಲಿಗೆ ಹಸರು, ಪಕ್ಕಡಿಗೆ ಗುಲಾಬಿ,
ಬೆನ್ನ ಮ್ಯಾಲ ಯಾರದೋ ಐದು ಬೆರಳು, ನೇರಳಿ.
‘ಯಾರದಿದು?’ ಅಂದೆ.
‘ಅಷ್ಟು ಮಂದ್ಯಾಗ ಯಾರಂತ ತಿರಗಿ ನೋಡಲಿ?’ ಅಂದ.
ಬೈದೆ. ಮುಂದಿನ ಹೋಳಿಗೂ ಸೇರಿಸಿ ಬೈದೆ.
ಉಪ್ಪು ಹಾಕಿ ನೆನಿಯಿಟ್ಟೆ,
ನಾಕು ನೀರು ತಗದೆ, ಐದು ನೀರು ತಗದೆ.
ಬಣ್ಣ ಹೋಗಲಿಲ್ಲ, ಸಿಟ್ಟು ಹೋತು.

ಕತ್ತರಿ ಇಡುವಾಗ ಬಂದು ನಿಂತ:
‘ಇನ್ನೊಂದು ವರ್ಷ ಬರತಿತ್ತಲ್ಲ.’
‘ಬರತೈತಿ. ಸಣ್ಣಾಗಿ ಬರತೈತಿ.’
ಗುಂಡಿ ಆರು ಡಬ್ಬಿಗೆ.
ಕಾಲರು ಲಾಟನ್ನಿನ ಗಾಜು ಒರಸಾಕ.
ಕಿಸೆ ಹಂಗ ಬಿಚ್ಚಿದೆ, ಹೀರಿಬೀಜ ಹಾಕಿ ಕಟ್ಟಿಟ್ಟೆ.
ಬೆನ್ನು ಕತ್ತರಿಸುವಾಗ ಮಾತ್ರ
ಆ ಐದು ಬೆರಳಿಗೆ ತಗಲದಂಗ ಬಳಸಿ ಹೋದೆ.
ಒಳಗ ಹಚ್ಚಿದರ ಸರಿಯಾಗಿ ನೆತ್ತಿಗೆ ಬಂತು ಅಂಗೈ.
ಬೇಕಂತ ಮಾಡಿದ್ದಲ್ಲ.
ಮಾಡಿದ್ದರ ಒಂದು ಬೆರಳು ಆಕಡೆ ಹೋಗತಿತ್ತು.

ಯುಗಾದಿ ಮುಂಜಾನೆ, ನಾ ಬೇವು ಕಿತ್ತುವಾಗ
ಶಾಹೀನ ನಿಚ್ಚಣಕಿ ಇಳಕೋತ ಬಂದಳು, ಬರಿಗಾಲು, ಗಾಬರಿ:
‘ಕಾಕೂ, ಕೂಸಿನ ಹಣಿ ನೋಡ್ರಿ!’
ಹಣಿ ತುಂಬ ನೇರಳಿ.
ಕಣ್ಣ ಹುಬ್ಬು ಇನ್ನೂ ಬಂದಿಲ್ಲ ಅದಕ್ಕ,
ಆಗಲೇ ಹೋಳಿ ಆಡಿ ಬಂದೈತಿ,
ಹದಿನೈದು ದಿನ ತಡ ಮಾಡಿ.
ಸೆರಗು ಒದ್ದಿ ಮಾಡಿ ಒರಸಿದೆ,
ನನ್ನ ಸೆರಗಿಗೂ ಹತ್ತಿತು.
ಅಡಿವೆಪ್ಪ ಹಲಗಿ ಹುಡಕಾಕ ಒಳಗ ಓಡಿದ.

ಅದಕ್ಕ ಹೇಳತೀನಿ,
ಆರನೇ ನೀರು ತಪ್ಪಿಸಬ್ಯಾಡ.
ತಪ್ಪಿಸಿದರ
ಸೆರಗು ಹಳೇದು ಉಟಗೊ.