ಮಾದರಿ ಹಲಗೆ

ಸುಯೆತ್ ಎನ್ನುತ್ತೇವೆ ನಾವು ಅದನ್ನು, ಬೆಟ್ಟ ಇಳಿದು ಬರುವ
ಆಗ್ನೇಯದ ಗಾಳಿ. ಶೆಟಿಕ್ಯಾಂಪಿನಲ್ಲಿ ಅದಕ್ಕೆ ಹೆದರದ ಮೊಳೆಯಿಲ್ಲ.
ಫೆಬ್ರವರಿಯ ಒಂದು ರಾತ್ರಿ ಬಂದು
ನಮ್ಮ ಮಾಡಿನ ಅರ್ಧ ಸಿಪ್ಪೆ ಸುಲಿದು
ಮೀನಿನ ಕಾರ್ಖಾನೆಯ ಅಂಗಳಕ್ಕೆ ಎಸೆದು ಹೋಯಿತು.
ಎರಡು ತಿಂಗಳು ನೀಲಿ ತಾರ್ಪಾಲಿನ ಕೆಳಗೆ ಬದುಕಿದೆವು.

ಹಿಮ ಕರಗಿದ ಮೇಲೆ ಸಿಲ್ವೇರ್ ಬಂದ, ಸೂರು ಹೊದಿಸುವವನು,
ಕಂಕುಳಲ್ಲಿ ಮಾದರಿ ಹಲಗೆ:
ಡಾಂಬರಿನ ಶಿಂಗಲ್ ತುಂಡು ಹನ್ನೆರಡು,
ಬೆರಳಿಟ್ಟರೆ ಮರಳುಮರಳು, ಬೆಕ್ಕಿನ ನಾಲಿಗೆಯ ಹಾಗೆ.
ಅಡುಗೆಮನೆ ಮೇಜಿನ ಮೇಲೆ, ಬೆಣ್ಣೆ ಬಟ್ಟಲಿಗೆ ಒರಗಿಸಿದ.
ಒಂದೊಂದರ ಕೆಳಗೂ ಒಂದು ಹೆಸರು.
ತೇಲುಮರ. ಒದ್ದೆ ಸ್ಲೇಟು. ಶರತ್ಕಾಲದ ಕಂದು. ಮಧ್ಯರಾತ್ರಿ.
"ಹೆಸರಿಟ್ಟವನು ಮಾಡು ಹತ್ತಿದವನಲ್ಲ," ಎಂದ ಸಿಲ್ವೇರ್.
"ಒಂದಕ್ಕೆ ಆರು ಮೊಳೆ. ಬೇರೆ ಕಡೆ ನಾಲ್ಕು, ಈ ಊರಲ್ಲಿ ಆರು.
ಅಷ್ಟು ನನ್ನದು. ಬಣ್ಣ ನಿಮ್ಮದು."

ತೆಯೋತಿಮ್ ಕೈ ತೊಳೆದುಕೊಂಡ:
"ಯಾವುದಾದರೂ ಸರಿ, ಸೋರದಿದ್ದರಾಯಿತು."
ನಾನು ಹೊರಗೆ ಹೋಗಿ, ರಸ್ತೆಯಲ್ಲಿ ನಿಂತು, ಕತ್ತೆತ್ತಿ ನೋಡಿದೆ.
ಗೋಡೆ ಕಂಡಿತು. ಸೂರಿನ ಅಂಚು ಕಂಡಿತು. ಮಾಡು ಕಾಣಲಿಲ್ಲ.
ಇಷ್ಟು ವರ್ಷ ಇದರ ಅಡಿ ಮಲಗಿದ್ದೇನೆ,
ಹಳೆಯ ಬಣ್ಣ ಏನಿತ್ತೆಂದು ಆಣೆಯಿಟ್ಟು ಹೇಳಲಾರೆ.

ನೋಡುವವನು ಒಬ್ಬನಿದ್ದ.
ಇಳಿಜಾರಿನ ಮೇಲಿನ ಮನೆ, ಹಳದಿ ಕಿಟಕಿ, ಒನೆಝಿಮ್.

ಹನ್ನೊಂದು ವರ್ಷದ ಹಿಂದೆ, ಅವಳಿ ಹುಡುಗಿಯರಿಗೆ ಕೋಣೆ ಬೇಕೆಂದು
ಮಾಡನ್ನು ನಾಲ್ಕಡಿ ಎತ್ತಿಸಿದೆವು.
ಆ ನಾಲ್ಕಡಿ ಅವನ ಕಡಲಿನದು.
ಬಂದರಿನ ಬಾಯಿ, ದೋಣಿಗಳು ಒಳಬರುವ ತಾವು,
ಸರಿಯಾಗಿ ಅಷ್ಟೇ ಹೋಯಿತು.
ಆಮೇಲೆ ಇಗರ್ಜಿಯ ಮೆಟ್ಟಿಲಲ್ಲಿ, ಅಂಗಡಿಯ ಸಾಲಿನಲ್ಲಿ
ಅವನು ನನ್ನನ್ನು ನೋಡಿದ್ದು ಗಾಜನ್ನು ನೋಡುವ ಹಾಗೆ,
ಆಚೆಗೆ.

ಹಲಗೆ ಎತ್ತಿಕೊಂಡು ಏರಿದೆ. ಭಾರವಿತ್ತು.
ಬಾಗಿಲು ತೆರೆದ, ಏನೂ ಅನ್ನಲಿಲ್ಲ. ನಾನೇ ಅಂದೆ:
"ಕಡಲು ಹಿಂದಕ್ಕೆ ಕೊಡೋಕಾಗಲ್ಲ. ಬಣ್ಣ ನೀನು ಹೇಳು."

ಹಲಗೆಯನ್ನು ಕಿಟಕಿಗೆ ಆನಿಸಿದ,
ಒಂದು ಕಣ್ಣು ಮುಚ್ಚಿದ, ಬಲೆಯ ಕಣ್ಣು ಅಳೆಯುವವನ ಹಾಗೆ.
ಚಹಾ ಇಡಲಿಲ್ಲ. ಕೂರು ಎನ್ನಲಿಲ್ಲ.
ತುಸು ಹೊತ್ತಾದ ಮೇಲೆ, ಕಿಟಕಿಗೇ ಹೇಳುವಂತೆ:

"ಚಿಮಣಿಯ ಎಡಕ್ಕೆ ಹಿಮ ಮೊದಲು ಕರಗುತ್ತೆ.
ಶಾಖ ಅಲ್ಲಿ ಸೋರುತ್ತಿದೆ, ಸೌದೆ ದಂಡ.
ಮೂರನೇ ಸಾಲಲ್ಲಿ ಒಂದು ಮೊದಲಿಂದಲೂ ಡೊಂಕಿತ್ತು.
ಕುಂಟುಕಾಲಿನ ಕಡಲಕ್ಕಿಯೊಂದಿದೆ,
ಅದು ಚಿಪ್ಪು ಒಡೆಯೋದು ನಿಮ್ಮ ಮಾಡಿನ ನೆತ್ತಿಯ ಮೇಲೇ.
ಹುಡುಗಿಯರಲ್ಲಿ ಒಬ್ಬಳು ಕಿಟಕಿ ದಾಟಿ ಬಂದು
ಅಲ್ಲಿ ಕೂತು ಸಿಗರೇಟು ಸೇದುತ್ತಿದ್ದಳು.
ಯಾವಳೆಂದು ಹೇಳಲ್ಲ."

ನಾನು ನಕ್ಕೆ. ಅವನು ನಗಲಿಲ್ಲ.

"ನೀಲಿ?" ಎಂದೆ, "ಕಡಲಿನ ಹಾಗೆ?"
"ಎರಡು ತಿಂಗಳು ಆ ತಾರ್ಪಾಲು ನೋಡಿದ್ದು ಸಾಲದೇ?
ಕಡಲು ಯಾವತ್ತು ನೀಲಿ ಇತ್ತು?"
ಬೆರಳು ಹಲಗೆಯ ಮೇಲೆ ನಡೆಯಿತು, ನಿಂತಿತು, ಹಿಂದಕ್ಕೆ ಬಂತು.
ಕಪ್ಪು. ಮಧ್ಯರಾತ್ರಿ ಎಂದು ಬರೆದದ್ದು.
"ಇದರ ಮೇಲೆ ಹಿಮ ಬೇಗ ಹೋಗುತ್ತೆ.
ದೋಣಿಗಳು ನೀರಿಗಿಳಿಯೋ ಹೊತ್ತಾಯಿತು ಅಂತ ತಿಳಿಯುತ್ತೆ ನನಗೆ,
ದೋಣಿ ಕಾಣದಿದ್ದರೂ."

ಕಟ್ಟುಗಳು ಬಂದವು, ಎಣಿಕೆಗಿಂತ ಒಂದು ಹೆಚ್ಚು.
ಸಿಲ್ವೇರ್ ಮತ್ತವನ ಸೋದರಳಿಯ ಎರಡು ದಿನ ಬಡಿದರು;
ಕಪಾಟಿನಲ್ಲಿ ತಟ್ಟೆಗಳು ಕುಣಿದವು.
ಚಿಮಣಿಯ ಎಡಕ್ಕೆ ಶಾಖ ತಡೆಯಲು ಏನೋ ಹತ್ತಿಯಂಥದ್ದು ತುರುಕಿದರು.
ಕಪ್ಪೇಕೆ ಎಂದು ತೆಯೋತಿಮ್ ಈವರೆಗೂ ಕೇಳಿಲ್ಲ.

ಜೂನಿನಲ್ಲಿ ಫೋನು. ಹಲೋ ಇಲ್ಲ, ಹೆಸರಿಲ್ಲ.
"ಉತ್ತರದ ಅಂಚು, ಕೆಳಗಿನಿಂದ ಎರಡನೇ ಸಾಲು.
ಒಂದಕ್ಕೆ ಐದೇ ಮೊಳೆ ಹೊಡೆದಿದ್ದಾನೆ ಆ ಹುಡುಗ.
ಹೊಡೆಯುವಾಗ ದುರ್ಬೀನಿನಲ್ಲಿ ಎಣಿಸಿದ್ದೆ."