ಕೊನೆಯ ನಲ್ಲಿಯ ಗ್ಲಾಸು

ಮಾಘ ಮುಗೀತು. ಭಾಲ್ಕಿ ರಸ್ತೆಯ ಫ್ಯಾಕ್ಟರಿಗೆ
ದ್ರಾಕ್ಷಿ ಟ್ರಕ್ಕು ಬರ್ಲತ್ತಾವ.
ಹಿಂಡೋದು ಮ್ಯಾಲ, ತೊಳಿಯೋದು ಮ್ಯಾಲ.
ತೊಳೆದ ನೀರು ಮಾತ್ರ ನನ್ನ ಕಡೆ,
ಸಿಪ್ಪಿ ಬೀಜ ಹೊತ್ತು, ಹುಳಿಹುಳಿ, ಕೆಂಪು,
ಮದಿವಿ ಮನಿಯ ಮುಸುರಿ ಹಂಗ.

ಮೊದಲು ಜಾಲರಿ. ಆಮ್ಯಾಲ ಸುಣ್ಣ.
ಪಟ್ಟಿ ಅದ್ದಿ ಬಣ್ಣ ನೋಡತೀನಿ,
ಕೇಸರಿ ಹೋಗಿ ಹಸಿರು ಬಂದರ ಸಾಕು.

ಅದರಾಚೆ ನನ್ನ ಕೊಟ್ಟಿಗಿ:
ಎಂಟಡಿ ಆಳದ ತೊಟ್ಟಿ, ಬುಳುಬುಳು ಗಾಳಿ,
ಕಣ್ಣಿಗೆ ಬೀಳದ ಕೋಟಿ ಬಾಯಿ.
ಮಳಿಗಾಲದಾಗ ದ್ರಾಕ್ಷಿ ಇಲ್ಲ, ಮೇವಿಲ್ಲ,
ಹಸಿದು ಸತ್ತಾವಂತ
ವಾರಕ್ಕ ಎರಡು ಸಲ ಬೆಲ್ಲ ಕರಗಿಸಿ ಹೊಯ್ದೀನಿ,
ಎಮ್ಮಿ ಸಗಣಿ ಕದಡಿ ಕುಡಿಸೀನಿ.
ಸ್ಟೋರಿನ ಘಾಳೆಪ್ಪ ಬೆಲ್ಲದ ಲೆಕ್ಕ ಬರಕೋತ ನಕ್ಕ:
"ಹುಳಾ ಸಾಕೋ ನೌಕರಿ ಅದ ನಿಂದು."
ಹೌದಪ್ಪಾ. ಹಾಲು ಕೊಡಂಗಿಲ್ಲ, ಅಂಬಾ ಅನ್ನಂಗಿಲ್ಲ.
ಆದರ ಒಂದು ರಾತ್ರಿ ಕರೆಂಟ್ ಹೋಗಿ
ಗಾಳಿ ನಿಂತಾಗ
ತೊಟ್ಟಿ ಉಸಿರು ಕಟ್ಟಿದ್ದು ನನಗ ಕೇಳಿಸಿತ್ತು.
ಡೀಸೆಲ್ ಬರೋತನಕ ಬಿದಿರು ಗಳದಿಂದ ತಿರುವಿದೆ.
ಅಂಗೈ ತುಂಬ ಬೊಬ್ಬಿ, ಸೀರಿ ತುಂಬ ಸಿರ್ಕಾ ವಾಸನಿ.
ಬೆಳಿಗ್ಗೆ ಅತ್ತಿ ಬಾಗಿಲದಾಗೇ ತಡದು
"ಕುಡದು ಬಂದಿ ಏನು?" ಅಂದ್ಳು.
ಕುಡದದ್ದು ಅವು, ಅತ್ತಿ.

ಬೇಲಿ ಆಚಿ ಮುಕ್ತಾಬಾಯಿ ಹೊಲ.
ಹಳೇ ಮಾಲಕನ ಕಾಲಕ್ಕ ಹಸಿ ನೀರು ನುಗ್ಗಿ
ಆಕಿ ಬಿಳಿಜೋಳ ಎರಡು ಸಾಲು ಕರ್ರಗ ನಿಂತಿತ್ತು.
ಆಕಿ ಮರತಿಲ್ಲ. ಮರಿ ಅಂತ ನಾನೂ ಕೇಳಿಲ್ಲ.
ಜೊಂಡು ದಾಟಿ, ಉಸುಕು ದಾಟಿ
ನಮ್ಮ ಪೈಪು ಬೇಲಿ ಈಚಿಗೇ ನಿಲ್ತದ,
ದ್ರಾಕ್ಷಿ ಬುಡಕ್ಕ, ಆನಿಹುಲ್ಲಿಗೆ.
ಬೀದರಿನ ನೆಲದಡಿ ಹಳೇ ಸುರಂಗಬಾವಿ ಅದ,
ಕೆಂಪು ಕಲ್ಲು ಕೊರದು ತಿಳಿ ನೀರಿಗೆ ದಾರಿ ಮಾಡಿದ್ರು ಅವರು.
ಹೊಲಸು ನೀರಿನ ದಾರಿ
ನಮ್ಮ ಪಾಲಿಗೆ ಬಂತು.

ನಿನ್ನಿ ಮ್ಯಾಲ ರುಚಿ ನೋಡೋ ಮಂದಿ ಬಂದಿದ್ರು.
ಗ್ಲಾಸು ತಿರುವಿ, ಮೂಗು ಇಳಿಬಿಟ್ಟು
ನೇರಳಿ, ಅಂದ್ರು. ಹೊಗಿಸೊಪ್ಪು, ಅಂದ್ರು.
ಮಳಿ ಬಿದ್ದ ಮಣ್ಣು, ಅಂದ ಒಬ್ಬ.
ಕೆಳಗ ನಾನೂ
ಕೊನಿ ನಲ್ಲಿಗೆ ಗ್ಲಾಸು ಹಿಡದು ತಿರುವಿದೆ.
"ತಾ ಇಲ್ಲಿ," ಬೇಲಿ ಮ್ಯಾಲಿಂದ ಮುಕ್ತಾಬಾಯಿ.
ಮೂಸಿದಳು. ಇನ್ನೊಮ್ಮಿ ಮೂಸಿದಳು.
"ಏನೂ ಇಲ್ಲ," ಅಂದ್ಳು, ತುಸು ಸಿಟ್ಟಿಲೆ.
ಗ್ಲಾಸು ತಿರುಗಿ ಕೊಡದೆ
ಕಾಲಬಲ್ಲಿ ಇದ್ದ ಒಂದು ಬದನಿ ಗಿಡಕ್ಕ ಸುರುವಿ
ಅಲ್ಲೇ ಕುಂತ್ಳು,
ಸೆರಗು ತಲಿಮ್ಯಾಲ ಎಳಕೊಂಡು.