ಜಾಲರಿ

ಮೂರನೇ ಬೆಡ್ಡಿನ ಮೌಲಾಸಾಬನ ಎಡಗೈಗೆ
ಮೂರೇ ಬೆರಳು.
ಆಕ್ಸಿಜನ್ ನೋಡುವ ಕ್ಲಿಪ್ಪು ಹಿಡಿದು
ಒಂದು ಗಳಿಗೆ ತಡವರಿಸಿದ್ದೆ.
'ಹತ್ತಿ ಮಿಲ್ಲಿನಾಗ ಹೋದವ್ರೀ,' ಅಂದಳು ಹೆಂಡತಿ ಬಾಗಿಲಾಚೆಯಿಂದ,
'ಇವರ ಬೆರಳು ಹೋದ ಮ್ಯಾಲೆ ಮಷೀನಿಗೆ ಜಾಲರಿ ಹಾಕ್ಯಾರ.'

ರಾತ್ರಿ ಮೂರು ನಲವತ್ತು. ರಾಯಚೂರಿನ ಮೇ ತಿಂಗಳು,
ಗೋಡೆ ಇನ್ನೂ ಹಗಲಿನ ಕಾವು ಉಗುಳುತ್ತಿತ್ತು.
ಎಂಟು ಮಾನಿಟರು, ಎಂಟು ಕೂಗು.
ಒಂದು ತಂತಿ ಜಾರಿದ್ದಕ್ಕೆ,
ಒಂದು ಯಾರೋ ಕೆಮ್ಮಿದ್ದಕ್ಕೆ,
ಮತ್ತೊಂದು ಯಾಕೆಂದು ಅದಕ್ಕೇ ಗೊತ್ತಿಲ್ಲ.
ಕಿವಿಯೂ ಚರ್ಮವೇ,
ತಿಕ್ಕಿದಲ್ಲೇ ತಿಕ್ಕಿದರೆ ಜಡ್ಡುಗಟ್ಟುತ್ತದೆ.

ಹುಲಿಗೆಮ್ಮ ಟ್ರೇಯಿಂದ ಆಂಪ್ಯೂಲು ತೆಗೆದು
ಕತ್ತು ಮುರಿದು ಸಿರಿಂಜಿಗೆ ಎಳೆದಳು.
ನೀರಿನದ್ದಕ್ಕೂ ಅದೇ ಗಾತ್ರ, ಅದೇ ನೀಲಿ ಅಕ್ಷರ
ಪೊಟ್ಯಾಸಿಯಮ್ಮಿಗೂ.
ಒಂದು ಪುಡಿ ಕಲಸುವುದಕ್ಕೆ,
ಇನ್ನೊಂದು ನೇರ ಹೋದರೆ ಎದೆ ನಿಲ್ಲಿಸುವುದಕ್ಕೆ.
ಒಂದೇ ಖಾನೆಯಲ್ಲಿ, ಅವಳಿ ಕೂಸುಗಳ ಹಾಗೆ,
ಮಲಗಿಸಿದ್ದವರು ನಾವೇ.

ಸಿರಿಂಜು ಇನ್ನೇನು ನಾಳಕ್ಕೆ ತಾಗಬೇಕು,
ಏಳನೇ ಬೆಡ್ಡು ಕೂಗಿತು. ಸುಳ್ಳೇ ಕೂಗು.
ಅವಳು ತಿರುಗಿದಳು.
ಟ್ರೇಯಲ್ಲಿ ಬಿದ್ದಿದ್ದ ಗಾಜಿನ ಮೇಲೆ
ಅರ್ಧ ಹೆಸರು ಕಂಡಿತು.

ಬೆಳಿಗ್ಗೆ ಮೀಟಿಂಗು. 'ಯಾರು?' ಎಂದರು ಸೂಪರಿಂಟೆಂಡೆಂಟರು.
ಅವಳಾಗಿ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ನಿಂತಳು.
ಅದು ಅವಳ ಎರಡನೇ ಪಾಳಿ, ಬೆನ್ನಿಗೆ ಬೆನ್ನು.
ಪಾಳಿ ಪಟ್ಟಿ ಬರೆದವಳು ನಾನು.
ಮೆಮೊ ಟೈಪಾಗಿತ್ತು, ಸಹಿಯೊಂದು ಬಾಕಿ.
ನಾನು ಎರಡು ಆಂಪ್ಯೂಲು ಮೇಜಿನ ಮೇಲಿಟ್ಟು
ಪರದೆ ಎಳೆದು ಲೈಟು ಆರಿಸಿದೆ.
'ನೀರು ಯಾವುದು, ತೋರಿಸ್ರಿ ಸರ್.'
ಅವರು ಕನ್ನಡಕ ಹುಡುಕಿದರು.

ಈಗ ಪೊಟ್ಯಾಸಿಯಮ್ಮು ಬೇರೆ ಬೀರುವಿನಲ್ಲಿದೆ,
ತೆರೆಯಲು ಇಬ್ಬರು ಬೇಕು.
ಕೆಂಪು ಪಟ್ಟಿ ಅಂಟಿಸಿದ್ದು ಹುಲಿಗೆಮ್ಮನೇ, ಸ್ವಲ್ಪ ಸೊಟ್ಟಗೆ.
ಮೆಮೊ ಏನಾಯಿತೋ ನಾನು ಕೇಳಿಲ್ಲ.
ಮಾನಿಟರುಗಳು ಈಗಲೂ ಹಾಗೇ ಕೂಗುತ್ತವೆ,
ಅದಕ್ಕೊಂದು ಅರ್ಜಿ ಹೋಗಿದೆ.

ಮೌಲಾಸಾಬ ಮನೆಗೆ ಹೊರಟ ದಿನ
ನಡೆದದ್ದೆಲ್ಲ ಹೇಳಿದೆ. ಹೇಳಬೇಡ ಅಂದವರಿದ್ದರು.
ಬಹಳ ಹೊತ್ತು ಸುಮ್ಮನಿದ್ದ.
ಟ್ಯೂಬು ತೆಗೆದ ಗಂಟಲಿನ ಕರಕಲು ದನಿಯಲ್ಲಿ
'ಜಾಲರಿ ಹಾಕೀರೇನ್ರಿ?' ಎಂದ.
ಹ್ಞೂಂ ಅಂದೆ.

ಎಡಗೈಯನ್ನು ಹೆಂಡತಿಯ ಹೆಗಲಿಗೆ ಕೊಟ್ಟು
ಆಟೋದ ಕಡೆ ನಡೆದ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ.